ಗಣಕವು ಹೆಸರು ಅಳಿಸುವ ಬಗೆ

ಪಟ್ಟಿಗೆ ಹೆಸರು ಸೇರಿಸುವುದು ಕಷ್ಟ, ತೆಗೆಯುವುದು ಸುಲಭ ಎಂಬುದು ನಮ್ಮಲ್ಲಿ ಬೆಳೆದು ಬಂದಿರುವ ನಂಬಿಕೆ. ಸೇರಿಸುವುದಕ್ಕೆ ಅರ್ಜಿ ಬೇಕು, ಸಾಕ್ಷಿ ಬೇಕು, ಸಹಿ ಬೇಕು. ತೆಗೆಯುವುದಕ್ಕೆ ಒಂದು ಗೀಟು ಸಾಕು. ಕಾಗದದ ಕಾಲದಲ್ಲಿ ಈ ಮಾತಿನಲ್ಲಿ ಅಷ್ಟಿಷ್ಟು ಸತ್ಯವಿತ್ತು. ಈಗ ನಮ್ಮ ಪಟ್ಟಿಗಳು ಬಹುಮಟ್ಟಿಗೆ ಗಣಕಯಂತ್ರದೊಳಗೆ ಹೋಗಿ ಕುಳಿತಿವೆ. ಅಲ್ಲಿ ಸೇರಿಸುವುದೇ ಸುಲಭ. ತೆಗೆಯುವುದು ಬಹು ಸೂಕ್ಷ್ಮವಾದ ಕೆಲಸ. ಅದು ಹೇಗೆಂಬುದನ್ನು, ಅನೇಕರ ಮನೆಯ ಕಪಾಟಿನಲ್ಲಿಯೇ ಇರುವ ಒಂದು ವಸ್ತುವನ್ನು ಮುಂದಿಟ್ಟುಕೊಂಡು ವಿಚಾರಮಾಡೋಣ. ಆ ವಸ್ತು ಪಡಿತರ ಚೀಟಿ.

ಹೊಸದುರ್ಗದ ಪೇಟೆಯಲ್ಲಿ ಒಂದು ಮನೆಯಿದೆ ಎಂದು ಭಾವಿಸಿಕೊಳ್ಳಿ. ಮನೆಯಲ್ಲಿ ಆರು ಜನ: ಅಜ್ಜಿ, ಆಕೆಯ ಮಗ, ಸೊಸೆ, ಸೊಸೆಯ ಇಬ್ಬರು ಮಕ್ಕಳು, ಅಜ್ಜಿಯ ಕಿರಿಯ ಮಗಳು. ಚೀಟಿ ಆದ್ಯತಾ ಕುಟುಂಬದ್ದು. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಇಂಥ ಮನೆಗೆ ತಲೆಯೊಂದಕ್ಕೆ ತಿಂಗಳಿಗೆ ೫ ಕಿಲೋ ಧಾನ್ಯ. ಆರು ತಲೆಗೆ ೩೦ ಕಿಲೋ. ಕಿರಿಯ ಮಗಳನ್ನು ಹಿರಿಯೂರಿಗೆ ಕೊಟ್ಟು ಮದುವೆ ಮಾಡಿದರು. ಇನ್ನು ಆಕೆಯ ಹೆಸರು ತವರಿನ ಚೀಟಿಯಿಂದ ಇಳಿದು ಗಂಡನ ಮನೆಯ ಚೀಟಿಗೆ ಏರಬೇಕು. ಇಳಿಯದ ಹೊರತು ಏರುವಂತಿಲ್ಲ. ಒಂದೇ ಆಧಾರ್ ಸಂಖ್ಯೆ ಎರಡು ಚೀಟಿಗಳಲ್ಲಿ ಇರಬಾರದು. ಇಳಿದು ಏರುವುದರ ನಡುವೆ ಎರಡು ತಿಂಗಳು ಕಳೆದುಹೋದರೆ ೧೦ ಕಿಲೋ ಧಾನ್ಯ ಎರಡು ಮನೆಗಳಲ್ಲಿ ಯಾವುದಕ್ಕೂ ಸೇರಲಿಲ್ಲವೆಂದಾಯಿತು. ಆದುದರಿಂದ ಹೆಸರು ತೆಗೆಯುವ ಮಾತು ಅನ್ನದ ಮಾತು. ಕೇವಲ ಬರವಣಿಗೆಯ ಮಾತೆಂದು ತಿಳಿಯಬಾರದು.

ಈ ಮನೆಯ ವಿವರವನ್ನು ಗಣಕಯಂತ್ರವು ಹೇಗೆ ಇಟ್ಟುಕೊಂಡಿರುತ್ತದೆ? ಇಂಥ ವ್ಯವಸ್ಥೆಯಲ್ಲಿ ಎರಡು ಪುಸ್ತಕಗಳಿರುತ್ತವೆ ಎಂದುಕೊಳ್ಳಿ. ಒಂದು ಮನೆಗಳ ಪುಸ್ತಕ. ಅದರಲ್ಲಿ ಮನೆಗೊಂದು ಸಾಲು: ಚೀಟಿಯ ಸಂಖ್ಯೆ, ಬೀದಿ, ನ್ಯಾಯಬೆಲೆ ಅಂಗಡಿ. ಇನ್ನೊಂದು ಸದಸ್ಯರ ಪುಸ್ತಕ. ಅದರಲ್ಲಿ ಆಳಿಗೊಂದು ಸಾಲು: ಆ ಸಾಲಿನದೇ ಆದ ಒಂದು ಕ್ರಮಸಂಖ್ಯೆ, ಹೆಸರು, ವಯಸ್ಸು, ಜೊತೆಗೆ ತಾನು ಯಾವ ಚೀಟಿಗೆ ಸೇರಿದವನೆಂಬ ಸೂಚನೆ. ನಮ್ಮ ಹೊಸದುರ್ಗದ ಮನೆಗೆ ಮೊದಲ ಪುಸ್ತಕದಲ್ಲಿ ಒಂದು ಸಾಲು, ಎರಡನೆಯದರಲ್ಲಿ ಆರು ಸಾಲು. ಮನೆಯ ಸಾಲನ್ನು ತಾಯಿಬೇರೆನ್ನಬಹುದು, ಸದಸ್ಯರ ಸಾಲುಗಳನ್ನು ಅದಕ್ಕೆ ಅಂಟಿದ ಬೇರುಗಳೆನ್ನಬಹುದು.

ತಿದ್ದುಪಡಿಗೆ ಹೋದಾಗ ಪರದೆಯ ಮೇಲೆ ಎರಡು ಪುಸ್ತಕಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಒಂದೇ ಅರ್ಜಿ ನಮೂನೆ ಕಾಣುತ್ತದೆ. ಮೇಲೆ ಮನೆಯ ವಿವರ. ಅದರ ಕೆಳಗೆ, ಅದರ ಹೊಟ್ಟೆಯೊಳಗೆಯೇ, ಆರು ಪುಟ್ಟ ನಮೂನೆಗಳು. ಒಂದು ನಮೂನೆಯೊಳಗೆ ಇನ್ನಷ್ಟು ನಮೂನೆಗಳು ಅಡಗಿರುವುದರಿಂದ ಇದನ್ನು ಒಳನಮೂನೆಗಳ ಅರ್ಜಿ ಎನ್ನೋಣ. ಕೊನೆಯಲ್ಲಿ ‘ಉಳಿಸು’ ಎಂಬ ಗುಂಡಿ ಒಂದೇ. ಅದನ್ನೊತ್ತಿದರೆ ಎರಡೂ ಪುಸ್ತಕಗಳು ಒಟ್ಟಿಗೆ ತಿದ್ದಲ್ಪಡಬೇಕು.

ಈಗ ಮಗಳ ಹೆಸರು ತೆಗೆಯಬೇಕು. ಆಕೆಯ ಸಾಲಿನ ಪಕ್ಕದಲ್ಲಿ ‘ತೆಗೆ’ ಎಂಬ ಗುರುತಿದೆ. ಒತ್ತಿದೊಡನೆ ಆ ಸಾಲು ಪರದೆಯಿಂದ ಮಾಯವಾಯಿತು. ಐದು ಜನ ಉಳಿದರು. ‘ಉಳಿಸು’ ಒತ್ತಿದ್ದಾಯಿತು. ಕೆಲಸ ಮುಗಿಯಿತೆ? ಮುಗಿದಿರಬಹುದು, ಮುಗಿಯದೆಯೂ ಇರಬಹುದು. ದೂರದಲ್ಲಿರುವ ಮುಖ್ಯ ಯಂತ್ರಕ್ಕೆ ತಲಪಿದ್ದು ಐದು ಸಾಲುಗಳು ಮಾತ್ರ. ಆರನೆಯದರ ಬಗ್ಗೆ ಯಾರೂ ಏನೂ ಹೇಳಿಲ್ಲ. ಈ ಮೌನಕ್ಕೆ ಯಂತ್ರವು ಯಾವ ಅರ್ಥ ಮಾಡಬೇಕು?

ಎರಡು ಅರ್ಥಗಳು ಸಾಧ್ಯ. ಹೇಳದೆ ಬಿಟ್ಟವರನ್ನು ಅಳಿಸಿಬಿಡು ಎಂಬುದು ಒಂದು. ಹೇಳದೆ ಬಿಟ್ಟವರನ್ನು ಇದ್ದಂತೆಯೇ ಇರಿಸು ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿಕೊಂಡರೆ ಏನಾಗುತ್ತದೆ ನೋಡಿ. ಸಂಪರ್ಕ ಸರಿಯಿಲ್ಲದ ದಿನ. ಪುಟ ಅರ್ಧವೇ ಬಂದು ನಿಂತಿದೆ. ಆರರಲ್ಲಿ ಮೂರು ಸಾಲು ಮಾತ್ರ ಕಂಡಿವೆ. ಹೊರಗೆ ಸರದಿಯಲ್ಲಿ ಜನ ಕಾಯುತ್ತಿದ್ದಾರೆ. ಅವಸರದಲ್ಲಿ ‘ಉಳಿಸು’ ಒತ್ತಿದರೆ ಕಾಣದ ಮೂವರ ಅನ್ನ ಅಲ್ಲಿಗೇ ಹೋಯಿತು. ಆದುದರಿಂದ ವಿವೇಕಿಗಳಾದ ತಂತ್ರಜ್ಞರು ಎರಡನೆಯ ಅರ್ಥವನ್ನೇ ಹಿಡಿದಿದ್ದಾರೆ. ಮೌನವು ಅಪ್ಪಣೆಯಲ್ಲ; ಅಳಿಸಬೇಕೆಂದರೆ ಅಳಿಸು ಎಂದೇ ಹೇಳಬೇಕು.

ನೀವು ರೇಡಿಯೋ ಕೇಳುವವರು. ಇದು ನಿಮಗೆ ಸುಲಭವಾಗಿ ತಿಳಿಯುತ್ತದೆ. ಗುಂಡಿ ತಿರುಗಿಸಿ ಪೆಟ್ಟಿಗೆಯ ಧ್ವನಿಯನ್ನು ನಿಲ್ಲಿಸಿದಿರಿ ಎನ್ನಿ. ಅದರಿಂದ ಭದ್ರಾವತಿಯ ಕೇಂದ್ರ ಪ್ರಸಾರ ನಿಲ್ಲಿಸಿತೆಂದಾಗುವುದಿಲ್ಲ. ನಿಮ್ಮ ನಡುಮನೆಯಲ್ಲಿ ಹಾಡು ಕೇಳಿಸುವುದಿಲ್ಲ, ಅಷ್ಟೇ. ಪರದೆಯಿಂದ ಸಾಲು ಮಾಯವಾಗುವುದು ಪೆಟ್ಟಿಗೆಯ ಗುಂಡಿ ತಿರುಗಿಸಿದಂತೆ. ಪುಸ್ತಕದಿಂದ ಸಾಲು ಹೋಗುವುದು ಕೇಂದ್ರವೇ ಪ್ರಸಾರ ಮುಗಿಸಿದಂತೆ.

ವ್ಯಾಕರಣದ ಕಡೆಯಿಂದಲೂ ಇದನ್ನು ನೋಡಬಹುದು. ‘ಊರು’ ಎಂಬುದರ ಮುಂದೆ ‘ಅಲ್ಲಿ’ ಬಂದರೆ ‘ಊರಲ್ಲಿ’ ಆಗುತ್ತದೆ. ನಡುವಿನ ಉಕಾರ ಲೋಪವಾಯಿತೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಹಾಗೆಂದ ಮಾತ್ರಕ್ಕೆ ‘ಊರು’ ಎಂಬ ಪದವು ತನ್ನ ಉಕಾರವನ್ನು ಕಳೆದುಕೊಂಡಿತೆ? ನಿಘಂಟು ತೆರೆದು ನೋಡಿದರೆ ಅದು ಅಲ್ಲಿಯೇ ಇದೆ. ಪಾಣಿನಿಯೂ ಲೋಪವೆಂದರೆ ಕಾಣದಿರುವಿಕೆ ಎಂದು ವಿವರಿಸಿದನೇ ಹೊರತು ನಾಶವೆಂದು ಹೇಳಲಿಲ್ಲ. ಪರದೆಯ ಮೇಲೆ ಆಗುವುದು ಲೋಪ; ಪುಸ್ತಕದಲ್ಲಿ ಆಗಬೇಕಾದದ್ದು ಅಳಿವು. ಒಂದನ್ನು ಮಾಡಿ ಇನ್ನೊಂದು ಆಯಿತೆಂದು ತಿಳಿದುಕೊಳ್ಳುವುದರಿಂದಲೇ ತೊಡಕುಗಳು ಹುಟ್ಟುತ್ತವೆ.

ಹಾಗಾದರೆ ಅಳಿಸು ಎಂದು ಹೇಳುವ ಬಗೆ ಯಾವುದು? ಜಾಲತಾಣಗಳನ್ನು ಕಟ್ಟುವ ಉಪಕರಣಗಳು ಹಲವು. ಅವುಗಳಲ್ಲಿ ರೂಬಿ ಆನ್ ರೈಲ್ಸ್ ಎಂಬುದು ಹೆಸರಾದದ್ದು. ಡೆನ್ಮಾರ್ಕಿನವನಾದ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ ಎಂಬಾತ ೨೦೦೪ರಲ್ಲಿ ಇದನ್ನು ಹೊರತಂದ. ೨೦೦೯ರಲ್ಲಿ ಬಂದ ಇದರ ೨.೩ನೆಯ ಆವೃತ್ತಿಯಲ್ಲಿ ಒಳನಮೂನೆಗಳಿಗೆಂದೇ ಒಂದು ಕ್ರಮವನ್ನು ಸೇರಿಸಿದರು. ನಮ್ಮ ಚೀಟಿಗಳ ತಂತ್ರಾಂಶವನ್ನು ಯಾವ ಉಪಕರಣದಿಂದ ಕಟ್ಟಿದ್ದರೂ ಎದುರಿಸಬೇಕಾದ ಪ್ರಶ್ನೆಗಳು ಇವೇ ಆದ್ದರಿಂದ, ರೈಲ್ಸಿನ ಕ್ರಮವನ್ನು ಮಾದರಿಯಾಗಿ ಹಿಡಿಯೋಣ. ಅದರಲ್ಲಿ ನಾಲ್ಕು ಕಟ್ಟಳೆಗಳಿವೆ.

ಮೊದಲನೆಯದು ಅನುಮತಿ. ಮನೆಯ ನಮೂನೆಯ ಮೂಲಕ ಸದಸ್ಯರ ವಿವರ ತಿದ್ದಬಹುದೆಂದು ತಂತ್ರಾಂಶ ಬರೆಯುವವನು ಮುಂಚಿತವಾಗಿ ಸಾರಿರಬೇಕು. ಅಷ್ಟು ಸಾರಿದರೆ ಸೇರಿಸಬಹುದು, ತಿದ್ದಬಹುದು; ಅಳಿಸಲಾಗದು. ಅಳಿಸುವುದಕ್ಕೆ ‘ಅಲೌ ಡಿಸ್ಟ್ರಾಯ್’ ಎಂಬ ಬೇರೆಯ ಅನುಮತಿಯನ್ನು ಬರೆದು ಕೊಡಬೇಕು. ಬರೆಯದಿದ್ದರೆ ಅನುಮತಿ ಇಲ್ಲವೆಂದೇ ಅರ್ಥ. ಆಗ ಅಳಿಸು ಎಂಬ ಗುರುತು ಬಂದರೂ ಯಂತ್ರವು ಅದನ್ನು ಕೇಳಿಸಿಕೊಳ್ಳದಂತೆ ಇದ್ದುಬಿಡುತ್ತದೆ. ದೂರು ಹೇಳುವುದಿಲ್ಲ, ಕೆಂಪಕ್ಷರ ತೋರಿಸುವುದಿಲ್ಲ. ‘ಉಳಿಸಲಾಗಿದೆ’ ಎಂಬ ಮಾತು ಬರುತ್ತದೆ. ಮರುದಿನ ತೆರೆದು ನೋಡಿದರೆ ಹೆಸರು ಅಲ್ಲೇ ಇರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಎಡವುವ ಮೊದಲ ಕಲ್ಲು ಇದು.

ಎರಡನೆಯದು ಕ್ರಮಸಂಖ್ಯೆ. ಮಗಳ ಹೆಸರು ತೆಗೆ ಎಂದರೆ ಸಾಲದು. ಸದಸ್ಯರ ಪುಸ್ತಕದಲ್ಲಿ ಇಂಥ ಸಂಖ್ಯೆಯ ಸಾಲನ್ನು ತೆಗೆ ಎನ್ನಬೇಕು. ಒಂದೇ ಹೆಸರಿನವರು ಎಷ್ಟು ಜನರಿಲ್ಲ! ಈ ಸಂಖ್ಯೆ ಒಳನಮೂನೆಯಲ್ಲಿ ಕಣ್ಣಿಗೆ ಕಾಣದಂತೆ ಅಡಗಿರುತ್ತದೆ. ಅದನ್ನು ಕಳಿಸಲು ಮರೆತರೆ ವಿಚಿತ್ರವಾದ ಫಲ ಕಾಣುತ್ತದೆ. ಸಂಖ್ಯೆಯಿಲ್ಲದ ಸಾಲನ್ನು ಯಂತ್ರವು ಹೊಸ ಸದಸ್ಯನೆಂದು ಭಾವಿಸುತ್ತದೆ. ವಯಸ್ಸು ತಿದ್ದಲು ಹೋದ ಮನೆಯಲ್ಲಿ ಒಬ್ಬ ಮಗನಿದ್ದವನು ಇಬ್ಬರಾಗಿಬಿಡುತ್ತಾನೆ. ಇನ್ನು, ಯಾರಾದರೂ ಕುಹಕದಿಂದ ನೆರೆಮನೆಯವರ ಸಂಖ್ಯೆಯನ್ನು ಬರೆದು ಕಳಿಸಿದರೆ? ರೈಲ್ಸು ಆ ಸಂಖ್ಯೆಯನ್ನು ಈ ಮನೆಯ ಆರು ಜನರೊಳಗೆ ಮಾತ್ರ ಹುಡುಕುತ್ತದೆ. ಸಿಕ್ಕದಿದ್ದರೆ ಕೆಲಸವನ್ನೇ ನಿಲ್ಲಿಸಿ ತಪ್ಪೆಂದು ಹೇಳುತ್ತದೆ. ನಮ್ಮ ಮನೆಯ ಅರ್ಜಿಯಿಂದ ನೆರೆಯವರ ಅನ್ನ ಕಳೆಯಲಾಗದು.

ಮೂರನೆಯದು ಗುರುತು. ಪ್ರತಿ ಸಾಲಿಗೂ ‘ಡಿಸ್ಟ್ರಾಯ್’ ಎಂಬ ಹೆಸರಿನ ಒಂದು ಸಣ್ಣ ಮನೆಯಿರುತ್ತದೆ. ಹೆಸರಿನ ಮುಂದೆ ಒಂದು ಅಡಿಗೆರೆ. ಅದರಲ್ಲಿ ೧ ಎಂದಿದ್ದರೆ ಅಳಿಸು, ೦ ಎಂದಿದ್ದರೆ ಇರಿಸು. ಚೌಕದಲ್ಲಿ ಟಿಕ್ಕು ಹಾಕಿದರೆ ೧ ಹೋಗುತ್ತದೆ. ಟಿಕ್ಕು ಹಾಕದ ಚೌಕವು ಜಾಲದ ನಿಯಮದಂತೆ ಏನನ್ನೂ ಕಳಿಸುವುದಿಲ್ಲ, ಬರಿಯ ಮೌನ. ಮೌನಕ್ಕೆ ಜಾಗ ಕೊಡಬಾರದೆಂದು ರೈಲ್ಸು ಆ ಚೌಕದ ಹಿಂದೆ ಒಂದು ೦ಯನ್ನು ಬಚ್ಚಿಟ್ಟಿರುತ್ತದೆ. ಪರದೆಯಿಂದ ಸಾಲು ಮಾಯವಾಗಬೇಕೆಂಬ ಆಸೆಯಿದ್ದರೆ ಮಾಡಬೇಕಾದದ್ದು ಇಷ್ಟು: ಸಾಲನ್ನು ಕಿತ್ತೆಸೆಯದೆ ಮರೆಮಾಡಬೇಕು, ಮರೆಯಲ್ಲಿ ಅದರ ಕ್ರಮಸಂಖ್ಯೆಯನ್ನೂ ೧ ಎಂಬ ಗುರುತನ್ನೂ ಉಳಿಸಿಕೊಳ್ಳಬೇಕು. ಇನ್ನೂ ಪುಸ್ತಕಕ್ಕೆ ಸೇರದೆ, ಈಗ ತಾನೆ ಪರದೆಯ ಮೇಲೆ ತುಂಬುತ್ತಿರುವ ಹೊಸ ಸಾಲಾದರೆ ಮಾತ್ರ ಕಿತ್ತೆಸೆಯಬಹುದು. ಅದಕ್ಕೆ ಅಳಿಯುವಂಥ ಮೂಲವೇ ಇಲ್ಲ. ಇದರ ಜೊತೆಗೆ, ೨೦೧೩ರ ೪ನೆಯ ಆವೃತ್ತಿಯಿಂದ ಈಚೆಗೆ, ಹೊರಗಿನಿಂದ ಬರುವ ಯಾವ ಯಾವ ಅಂಶಗಳನ್ನು ಒಳಗೆ ಬಿಡಬಹುದೆಂಬ ಪಟ್ಟಿ ಬಾಗಿಲಲ್ಲೇ ಇರುತ್ತದೆ. ಕ್ರಮಸಂಖ್ಯೆ, ಅಳಿಸು ಗುರುತು ಎರಡನ್ನೂ ಆ ಪಟ್ಟಿಯಲ್ಲಿ ಬರೆದಿರಬೇಕು. ಇಲ್ಲವಾದರೆ ಅವು ಹೊಸ್ತಿಲು ದಾಟುವುದಿಲ್ಲ.

ನಾಲ್ಕನೆಯದು ಒಟ್ಟು ನಿರ್ಧಾರ. ಗುರುತು ಬಂದೊಡನೆ ಯಂತ್ರವು ಸಾಲನ್ನು ಅಳಿಸುವುದಿಲ್ಲ, ಅಳಿಸಬೇಕಾದದ್ದೆಂದು ನೆನಪಿಟ್ಟುಕೊಳ್ಳುತ್ತದೆ. ಮನೆಯ ದಾಖಲೆಯನ್ನು ಉಳಿಸುವ ಗಳಿಗೆಯಲ್ಲಿ ಎಲ್ಲವನ್ನೂ ಒಂದೇ ವ್ಯವಹಾರವಾಗಿ ಮಾಡುತ್ತದೆ. ಬೀದಿಯ ಹೆಸರು ತಿದ್ದುವುದರಲ್ಲಿಯೋ, ಮೊಮ್ಮಗನ ವಯಸ್ಸು ಬರೆಯುವುದರಲ್ಲಿಯೋ ಏನಾದರೂ ತಪ್ಪಿದ್ದರೆ ಯಾವುದೂ ನಡೆಯುವುದಿಲ್ಲ; ಮಗಳ ಹೆಸರೂ ಹಾಗೆಯೇ ಉಳಿಯುತ್ತದೆ. ಆದರೆ ಎಲ್ಲವೂ ಆಯಿತು, ಇಲ್ಲವಾದರೆ ಏನೂ ಆಗಲಿಲ್ಲ. ಅರ್ಧ ತಿದ್ದಿದ ಚೀಟಿಗಿಂತ ತಿದ್ದದ ಚೀಟಿ ಮೇಲು ಎಂಬುದು ಇದರ ಹಿಂದಿನ ತಿಳಿವಳಿಕೆ.

ಈ ನಾಲ್ಕು ಕಟ್ಟಳೆಗಳನ್ನು ಅರಿತ ಮೇಲೆಯೂ ವಿಚಾರ ಮುಗಿಯುವುದಿಲ್ಲ. ಒಬ್ಬರನ್ನು ತೆಗೆದಾಗ ಉಳಿದವರ ಗತಿಯೇನು ಎಂಬ ಪ್ರಶ್ನೆ ಇದ್ದೇ ಇದೆ.

ನಮ್ಮ ಮನೆಯ ಅಜ್ಜಿ ತೀರಿಕೊಂಡರು ಎನ್ನಿ. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯಂತೆ ೨೧ ದಿನಗಳೊಳಗೆ ಮರಣವನ್ನು ತಿಳಿಸಿ ಪತ್ರ ಪಡೆದರು. ಆ ಪತ್ರ ಹಿಡಿದು ಚೀಟಿಯಿಂದ ಹೆಸರು ತೆಗೆಸಲು ಹೋದರು. ಆದರೆ ಅಜ್ಜಿ ಆರರಲ್ಲಿ ಒಬ್ಬರು ಮಾತ್ರವೇ ಆಗಿರಲಿಲ್ಲ. ಆಹಾರ ಭದ್ರತಾ ಕಾಯಿದೆಯ ೧೩ನೆಯ ವಿಧಿಯಂತೆ, ಮನೆಯಲ್ಲಿ ೧೮ ವರ್ಷ ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳೇ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ಅಂದರೆ ಮನೆಯ ಸಾಲಿನಲ್ಲಿ, ಮುಖ್ಯಸ್ಥೆ ಇಂಥ ಕ್ರಮಸಂಖ್ಯೆಯವಳು ಎಂದು ಅಜ್ಜಿಯ ಕಡೆಗೆ ಬೆರಳು ತೋರಿಸಿರುತ್ತದೆ. ಅಜ್ಜಿಯ ಸಾಲನ್ನು ಹಾಗೆಯೇ ಅಳಿಸಿದರೆ ಮನೆಯ ಸಾಲು ಇಲ್ಲದ ಊರಿಗೆ ದಾರಿ ತೋರಿಸುವ ಕೈಮರವಾಗುತ್ತದೆ. ೨೦೨೩ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ ೨,೦೦೦ ರೂಪಾಯಿಯನ್ನು ಗೊತ್ತುಮಾಡಿದ್ದೂ ಚೀಟಿಯಲ್ಲಿ ಮುಖ್ಯಸ್ಥೆಯೆಂದು ಕಾಣಿಸಿದ ಹೆಂಗಸಿಗೇ. ಆದುದರಿಂದ ಮೊದಲು ಸೊಸೆಯನ್ನು ಮುಖ್ಯಸ್ಥೆಯಾಗಿ ಬರೆದು, ಆಮೇಲೆ ಅಜ್ಜಿಯ ಸಾಲಿಗೆ ಗುರುತು ಹಾಕಬೇಕು. ಚೆನ್ನಾಗಿ ಕಟ್ಟಿದ ತಂತ್ರಾಂಶವು ಈ ಅನುಕ್ರಮವನ್ನು ಬಿಟ್ಟು ಹೋಗಲು ಬಿಡುವುದಿಲ್ಲ.

ಎಣಿಕೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಚೀಟಿಯಲ್ಲಿ ಒಬ್ಬರಾದರೂ ಇರಬೇಕೆಂಬ ನಿಯಮವನ್ನು ಯಂತ್ರಕ್ಕೆ ಹೇಳಿಕೊಟ್ಟಿದ್ದೇವೆ ಎನ್ನೋಣ. ಇಬ್ಬರಿರುವ ಚೀಟಿಯಲ್ಲಿ ಇಬ್ಬರಿಗೂ ಅಳಿಸು ಗುರುತು ಬಂತು. ಪರೀಕ್ಷೆ ನಡೆಯುವ ಗಳಿಗೆಯಲ್ಲಿ ಇಬ್ಬರೂ ಇನ್ನೂ ಅಳಿದಿಲ್ಲ. ಬರಿದೆ ಎಣಿಸುವ ಯಂತ್ರವು ಇಬ್ಬರಿದ್ದಾರೆ, ನಿಯಮ ಸರಿಯಿದೆ ಎಂದು ಒಪ್ಪಿ, ಆಮೇಲೆ ಇಬ್ಬರನ್ನೂ ಅಳಿಸಿ, ಜನರೇ ಇಲ್ಲದ ಚೀಟಿಯನ್ನು ಉಳಿಸುತ್ತದೆ. ಗುರುತು ಬಿದ್ದವರನ್ನು ಬಿಟ್ಟು ಎಣಿಸು ಎಂದು ಮೊದಲೇ ಹೇಳಿರಬೇಕು.

ಇನ್ನು ಮನೆಯ ಸಾಲನ್ನೇ ಅಳಿಸಿದರೆ? ಆಗ ಸದಸ್ಯರ ಸಾಲುಗಳಿಗೆ ಮೂರು ಗತಿಗಳು. ಮನೆಯೊಡನೆ ಅವೂ ಅಳಿಯಬಹುದು. ಯಾವ ಮನೆಗೂ ಸೇರದ ಸಾಲುಗಳಾಗಿ ಉಳಿಯಬಹುದು. ಇಲ್ಲವೆ, ಸದಸ್ಯರಿರುವ ತನಕ ಮನೆಯನ್ನು ಅಳಿಸಲು ಯಂತ್ರವೇ ಒಪ್ಪದಿರಬಹುದು. ಮೂರರಲ್ಲಿ ಯಾವುದು ಸರಿ ಎಂಬುದನ್ನು ಯಂತ್ರ ತೀರ್ಮಾನಿಸದು; ಮನುಷ್ಯನೇ ಮುಂಚಿತವಾಗಿ ಹೇಳಬೇಕು. ರೈಲ್ಸಿನಲ್ಲಿ ಅಳಿಸುವುದಕ್ಕೆ ಎರಡು ಪದಗಳಿವೆ: ‘ಡಿಲೀಟ್’ ಎಂದರೆ ಆ ಒಂದು ಸಾಲನ್ನು ಹಿಂದುಮುಂದು ನೋಡದೆ ತೆಗೆಯುವುದು, ‘ಡಿಸ್ಟ್ರಾಯ್’ ಎಂದರೆ ಅದಕ್ಕೆ ಅಂಟಿದವುಗಳ ವಿಷಯದಲ್ಲಿ ಬರೆದಿಟ್ಟ ನಿಯಮಗಳನ್ನೆಲ್ಲ ನಡೆಸಿ ತೆಗೆಯುವುದು. ಒಳನಮೂನೆಯ ಗುರುತಿಗೆ ಎರಡನೆಯ ಪದವನ್ನೇ ಇಟ್ಟಿರುವುದು ಅರ್ಥವತ್ತಾಗಿದೆ. ಮೇಲ್ನೋಟಕ್ಕೆ ಅದು ಕಠೋರವಾದ ಪದ; ನಡತೆಯಲ್ಲಿ ಅದೇ ಹೆಚ್ಚು ಜಾಗರೂಕವಾದದ್ದು.

ಮಗಳ ವಿಷಯಕ್ಕೆ ಮರಳೋಣ. ಆಕೆ ಸತ್ತಿಲ್ಲ, ಊರು ಬದಲಾಯಿಸಿದ್ದಾಳೆ. ಆಕೆಯ ಸಾಲನ್ನೇ ಅಳಿಸಿ, ಹಿರಿಯೂರಿನಲ್ಲಿ ಹೊಸದಾಗಿ ಬರೆಯುವುದು ಒಂದು ದಾರಿ. ಮೊದಲು ಹೇಳಿದ ಎರಡು ತಿಂಗಳ ಕಂದಕ ಈ ದಾರಿಯಲ್ಲಿದೆ. ಇದಕ್ಕಿಂತ ಉತ್ತಮವಾದ ದಾರಿ, ಮೂರು ಪುಸ್ತಕಗಳನ್ನಿಡುವುದು: ಮನೆಗಳದ್ದೊಂದು, ಮನುಷ್ಯರದ್ದೊಂದು, ಯಾವ ಮನುಷ್ಯ ಯಾವ ಮನೆಗೆ ಎಂಬ ಸಂಬಂಧಗಳದ್ದೊಂದು. ಮದುವೆಯಾದಾಗ ಮೂರನೆಯ ಪುಸ್ತಕದ ಒಂದು ಸಾಲು ಮಾತ್ರ ಹೋಗಿ ಇನ್ನೊಂದು ಬರುತ್ತದೆ. ಎರಡನ್ನೂ ಒಂದೇ ವ್ಯವಹಾರವಾಗಿ ನಡೆಸಿದರೆ ನಡುವೆ ಒಂದು ದಿನವೂ ಆಕೆ ಪಟ್ಟಿಯ ಹೊರಗಿರಬೇಕಾಗಿಲ್ಲ. ಹೋಗಬೇಕಾದದ್ದು ಸಂಬಂಧವೋ ಮನುಷ್ಯನೋ ಎಂಬುದನ್ನು ಅಳಿಸುವ ಮೊದಲು ಕೇಳಿಕೊಳ್ಳಬೇಕು.

ಅಳಿಸದೆಯೇ ಅಳಿಸುವ ಒಂದು ಕ್ರಮವನ್ನು ನಮ್ಮ ಶಾಲೆಗಳು ಬಹುಕಾಲದಿಂದ ನಡೆಸಿಕೊಂಡು ಬಂದಿವೆ. ವರ್ಗಾವಣೆ ಪತ್ರ ತೆಗೆದುಕೊಂಡು ಹೋದ ಹುಡುಗನ ಹೆಸರು ಹಾಜರಿ ಪುಸ್ತಕದಿಂದ ಹೋಗುತ್ತದೆ. ದಾಖಲಾತಿ ಪುಸ್ತಕದಲ್ಲಿ ಮಾತ್ರ ಆತನ ಸಾಲು ಹಾಗೆಯೇ ಇರುತ್ತದೆ. ಬಿಟ್ಟ ದಿನಾಂಕ, ಕಾರಣ, ಪತ್ರದ ಸಂಖ್ಯೆ ಅದರ ಮುಂದೆ ಸೇರುತ್ತವೆ. ಮೂವತ್ತು ವರ್ಷಗಳ ಮೇಲೆ ಜನ್ಮದಿನಾಂಕಕ್ಕೆಂದು ಬಂದರೆ ಅದೇ ಸಾಲು ಆತನಿಗೆ ಆಧಾರ. ಗಣಕದಲ್ಲಿಯೂ ಹೀಗೆ ಸಾಲನ್ನು ತೆಗೆಯದೆ ‘ಇಂಥ ದಿನದಿಂದ ಊರ್ಜಿತವಲ್ಲ’ ಎಂದು ಬರೆದಿಡಬಹುದು. ೨೦೨೪ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಡತನ ರೇಖೆಯ ಕೆಳಗಿನವರ ಚೀಟಿಗಳು ರದ್ದಾದ ವಿಚಾರ ದೊಡ್ಡ ಚರ್ಚೆಯಾಗಿ, ಅರ್ಹರ ಚೀಟಿಗಳನ್ನು ಮರಳಿ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು. ಹೀಗೆ ಮರಳಿಸುವ ಸಂದರ್ಭ ಬಂದಾಗ ಹಳೆಯ ಸಾಲು ಉಳಿದಿದ್ದರೆ ಕೆಲಸ ಒಂದು ಗಳಿಗೆಯದು. ಬುಡಸಮೇತ ಅಳಿದಿದ್ದರೆ ಬಡವನು ಮತ್ತೆ ಮೊದಲಿನಿಂದ ಅರ್ಜಿ, ಸಾಕ್ಷಿ, ಸಹಿ ಎಂದು ಹೊರಡಬೇಕು.

ಇದರಿಂದ ನಿಮಗೆ ಪ್ರಯೋಜನವೇನೆಂದು ಕೇಳಬಹುದು. ತಂತ್ರಾಂಶ ಬರೆಯುವವರು ನಾವಲ್ಲ, ಸರಿ. ಆದರೆ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದ ಎದುರು ಕುಳಿತು ಚೀಟಿ ತಿದ್ದಿಸುವವರು ನಾವೇ. ಪರದೆಯಿಂದ ಹೆಸರು ಹೋದದ್ದನ್ನು ನೋಡಿ ಎದ್ದು ಬರಬೇಡಿ. ‘ಉಳಿಸು’ ಆದ ಮೇಲೆ ಆ ಪುಟವನ್ನು ಮುಚ್ಚಿಸಿ, ಚೀಟಿಯ ಸಂಖ್ಯೆ ಹಾಕಿಸಿ ಹೊಸದಾಗಿ ತೆರೆಸಿ ನೋಡಿ. ತೆಗೆಯಬೇಕಾದವರು ಹೋಗಿರುವರೆ ಎಂಬುದನ್ನು ಒಮ್ಮೆ ನೋಡಿ. ಇರಬೇಕಾದವರೆಲ್ಲರೂ ಇರುವರೆ ಎಂಬುದನ್ನು ಎರಡು ಸಲ ನೋಡಿ. ಅರ್ಜಿಗೆ ಅಧಿಕಾರಿಯ ಒಪ್ಪಿಗೆ ಇನ್ನೂ ಬಾಕಿಯಿದ್ದರೆ ಸ್ವೀಕೃತಿಯ ಸಂಖ್ಯೆಯನ್ನು ಬರೆದುಕೊಂಡು ಬಂದು, ಒಪ್ಪಿಗೆಯಾದ ಮೇಲೆ ಇನ್ನೊಮ್ಮೆ ನೋಡಿ. ಮುಖ್ಯಸ್ಥೆಯ ಹೆಸರು ತೆಗೆಸುವುದಾದರೆ ಮುಂದಿನ ಮುಖ್ಯಸ್ಥೆ ಯಾರೆಂದು ಬರೆದಿದ್ದಾರೆಂಬುದನ್ನು ಕೇಳಿ ತಿಳಿದುಕೊಳ್ಳಿ. ಮಗಳ ಹೆಸರನ್ನು ತವರಿನ ಚೀಟಿಯಿಂದ ಇಳಿಸಿದ ದಿನವೇ ಆ ಕಾಗದವನ್ನು ಗಂಡನ ಮನೆಗೆ ಮುಟ್ಟಿಸಿದರೆ ಆ ನಡುವಿನ ಕಂದಕ ಸಾಧ್ಯವಾದಷ್ಟು ಕಿರಿದಾಗುತ್ತದೆ.

ಸೇರಿಸುವಾಗ ಆದ ತಪ್ಪು ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತದೆ. ಯಾರಾದರೂ ನೋಡಿ ತಿದ್ದಿಯಾರು. ಅಳಿಸುವಾಗ ಆದ ತಪ್ಪು ಪಟ್ಟಿಯಲ್ಲಿ ಕಾಣುವುದಿಲ್ಲ, ಕಾಣಬೇಕಾದ ಹೆಸರೇ ಅಲ್ಲಿಲ್ಲವಲ್ಲ. ತಿಂಗಳ ಮೊದಲಲ್ಲಿ ಅಂಗಡಿಯ ತಕ್ಕಡಿಯ ಮುಂದೆ ಚೀಲ ಹಿಡಿದು ನಿಂತವನಿಗೆ ಮಾತ್ರ ಅದು ಗೊತ್ತಾಗುತ್ತದೆ.